ಅಯ್ಯನವರ ಮೊಮ್ಮಗ ಆರಾಧನೆಗೆ ಬರಲ್ಲ ಅಂದಾಗ

ಓದುಗರ ಪ್ರಶ್ನೆ: "ನಾನು ಸಕಲೇಶಪುರದ ಹತ್ತಿರದವಳು, ವಯಸ್ಸು 51. ನನ್ನ ತಂದೆ ಚರ್ಚಿನ ಸಭಾಪಾಲಕರಾಗಿದ್ದರು, ಜನ ಅಯ್ಯನವರು ಅಂತ ಕರೆಯುತ್ತಿದ್ದರು. ಮೂವತ್ತು ವರ್ಷ ಹಾಸನ, ಚಿಕ್ಕಮಗಳೂರು ಕಡೆಯ ಸಭೆಗಳಲ್ಲಿ ಸೇವೆ ಮಾಡಿ 2009ರಲ್ಲಿ ತೀರಿಕೊಂಡರು. ನನ್ನ ಮಾವ ಸೈನ್ಯದಲ್ಲಿದ್ದವರು. 1971ರ ಯುದ್ಧದಲ್ಲಿ ಗಾಯವಾಗಿ ಮಿಲಿಟರಿ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಪಾದ್ರಿ ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದರಂತೆ. ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಸಂಜೆ 7 ಗಂಟೆಗೆ ಕುಟುಂಬ ಪ್ರಾರ್ಥನೆ ಶುರುವಾಯಿತು. ಒಂದು ದಿನವೂ ತಪ್ಪಿಲ್ಲ. ಐದು ನಿಮಿಷ ತಡ ಆದರೂ ಬೈಗುಳ. ಅವರಿಗೀಗ 77, ಈಗಲೂ ಕೆಲವು ರಾತ್ರಿ ಕಿರುಚಿಕೊಂಡು ಏಳುತ್ತಾರೆ. ನನ್ನ ಮಗನಿಗೆ 24, ಬೆಂಗಳೂರಿನಲ್ಲಿ ಕೆಲಸ. ಕಳೆದ ಕ್ರಿಸ್‌ಮಸ್‌ಗೆ ಬಂದವನು 'ಆರಾಧನೆಗೆ ಬರಲ್ಲ, ನನಗೆ ಇದರಲ್ಲಿ ನಂಬಿಕೆ ಉಳಿದಿಲ್ಲ' ಅಂದುಬಿಟ್ಟ. ಅವತ್ತಿನಿಂದ ಮಾವ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಸಭೆಯಲ್ಲಿ 'ಅಯ್ಯನವರ ಮೊಮ್ಮಗ ಹೀಗಾ' ಅಂತಾರೆ. ಮೂರು ನಾಲ್ಕು ತಲೆಮಾರಿಗೆ ಶಾಪ ತಟ್ಟುತ್ತದೆ ಅಂತ ಒಬ್ಬ ಸಂಬಂಧಿ ಹೇಳಿ ಹೋದರು. ಅಪ್ಪನ ಹಳೇ ಡೈರಿಗಳು ನನ್ನ ಹತ್ತಿರ ಇವೆ. 1979ರಲ್ಲಿ, ಮೂಡಿಗೆರೆ ಕಡೆಯ ಒಂದು ಎಸ್ಟೇಟ್ ಲೈನಿನಲ್ಲಿ (ಕೂಲಿಯವರ ಸಾಲುಮನೆಗಳಲ್ಲಿ) ಪುಟ್ಟ ಮಗುವನ್ನು ಮಣ್ಣು ಮಾಡಿ ಬಂದ ರಾತ್ರಿ, 'ಇವತ್ತು ನಾನು ಹೇಳಿದ ಮಾತು ನನಗೇ ನಂಬಲಾಗಲಿಲ್ಲ' ಅಂತ ಬರೆದಿದ್ದಾರೆ. ಇದನ್ನು ಮಗನಿಗೆ ತೋರಿಸಲಾ, ಸುಟ್ಟುಬಿಡಲಾ? ಅವನಿಗೆ ಬುದ್ಧಿ ಹೇಳಲು ಈಗಿನ ಅಯ್ಯನವರನ್ನು ಕಳಿಸಲಾ? ನಾನು ಎಲ್ಲಿ ತಪ್ಪಿದೆ?"

ಉತ್ತರ:

ಡೈರಿ ಸುಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದಿದ್ದು ಆಮೇಲೆ.

ನಾನು ಯಾರು ಅಂತ ಎರಡು ಮಾತು. ಸೈನ್ಯದಲ್ಲಿ ಧರ್ಮಗುರುವಾಗಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ, ಜವಾನರು ಕರೆಯುತ್ತಿದ್ದುದು ಪಾದ್ರಿ ಸಾಬ್ ಅಂತ. ನಿವೃತ್ತಿಯಾದ ಮೇಲೆ ಹಾಸನದಲ್ಲಿ ಕುಟುಂಬಗಳ ಜೊತೆ ಆಪ್ತ ಸಮಾಲೋಚನೆ ಮಾಡುತ್ತೇನೆ. ಬರುವವರಲ್ಲಿ ನಿಮ್ಮಂಥ ಮನೆಯವರು ಜಾಸ್ತಿ. ಮನೆಯಲ್ಲಿ ಒಬ್ಬ ಸಭಾಪಾಲಕರೋ ಉಪದೇಶಿಯೋ ಇದ್ದರು, ಅವರು ಹೋದ ಮೇಲೆ ಅವರ ನೆರಳು ಮಾತ್ರ ಉಳಿಯಿತು, ಆ ನೆರಳಿನಲ್ಲಿ ಮೊಮ್ಮಕ್ಕಳಿಗೆ ಉಸಿರು ಕಟ್ಟುತ್ತದೆ. ಇದು ನಿಮ್ಮೊಬ್ಬರ ಮನೆಯ ಕಥೆ ಅಲ್ಲ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಚಿಂತೆ ಮೇಲೆ ಕಾಣುತ್ತದೆ. ಅದರ ಕೆಳಗೆ ಇನ್ನೊಂದು ಭಯ ಇದೆ ಅನ್ನಿಸಿತು. ಅಪ್ಪ ಅಷ್ಟು ವರ್ಷ ಬಸ್ಸು ಹತ್ತಿ ಇಳಿದು, ಮಳೆಯಲ್ಲಿ ನೆನೆದು ಮಾಡಿದ ಸೇವೆ ನನ್ನ ಕೈಯಲ್ಲಿ ಮುಗಿದು ಹೋಗುತ್ತಾ ಅನ್ನುವ ಭಯ. ಅಲ್ವಾ? ಹಾಗಿದ್ದರೆ ಮಗನಿಗಿಂತ ಮೊದಲು ನಿಮಗೆ ಸಮಾಧಾನ ಬೇಕು.

ಶಾಪದ ಮಾತು ಬೇಗ ಮುಗಿಸೋಣ. ನಿಮ್ಮ ಸಂಬಂಧಿ ಹೇಳಿದ್ದು ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯದ ಮಾತು. ಅದು ವಿಗ್ರಹಾರಾಧನೆ ಬಗ್ಗೆ ಬಂದಿರುವುದು. ಅದರ ಮುಂದಿನ ವಾಕ್ಯವನ್ನು ಅವರು ಓದಲಿಲ್ಲ. ಅಲ್ಲಿ ದಯೆ ಸಾವಿರ ತಲೆಮಾರಿನವರೆಗೆ ಅಂತ ಇದೆ. ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಂತೂ ತಂದೆಯ ದೋಷವನ್ನು ಮಗ ಹೊರಬೇಕಿಲ್ಲ ಅಂತ ಬಿಡಿಸಿ ಹೇಳಿದೆ. ಪ್ರವಾದಿ ಸಮುವೇಲನ ಮಕ್ಕಳೇ ಅವನ ದಾರಿ ಹಿಡಿಯಲಿಲ್ಲ. ಸಮುವೇಲ ಕೆಟ್ಟ ತಂದೆ ಅಂತ ಯಾರೂ ಪ್ರಸಂಗ ಮಾಡಿದ್ದು ನಾನು ಕೇಳಿಲ್ಲ. ಸಂಬಂಧಿ ಮತ್ತೆ ಬಂದರೆ ಈ ವಾಕ್ಯಗಳನ್ನು ಓದಿ ಹೇಳಿ, ಕಾಫಿ ಕೊಟ್ಟು ಕಳಿಸಿ.

ಇನ್ನೊಂದು ಮಾತು ನಮ್ಮ ಸಭೆಗಳಲ್ಲಿ ಎಲ್ಲ ಕಡೆ ಕೇಳುತ್ತೇನೆ. ಅಯ್ಯನವರ ಮಕ್ಕಳು ಒಂದೋ ಅಯ್ಯನವರೇ ಆಗುತ್ತಾರೆ, ಇಲ್ಲಾ ಕೆಟ್ಟೇ ಹೋಗುತ್ತಾರೆ ಅಂತ. ಇದು ನಿಜ ಅಲ್ಲ. ಈ ಎರಡು ಥರದವರು ಮಾತ್ರ ಜನರ ಕಣ್ಣಿಗೆ ಬೀಳುತ್ತಾರೆ, ಅಷ್ಟೇ. ಮೇಷ್ಟರ ಮಗ ಫೇಲಾದರೆ ಊರೆಲ್ಲ ಮಾತಾಡುವ ಹಾಗೆ. ಪಕ್ಕದ ಮನೆಯ ಹುಡುಗನೂ ಕ್ರಿಸ್‌ಮಸ್ ಆರಾಧನೆಗೆ ಬಂದಿರಲ್ಲ, ಅವನನ್ನು ಯಾರೂ ಎಣಿಸುವುದಿಲ್ಲ.

ಆದರೂ ಅಯ್ಯನವರ ಮನೆಯ ಮಕ್ಕಳ ಕಷ್ಟ ಬೇರೆ ಥರದ್ದು, ಅದನ್ನು ಒಪ್ಪಿಕೊಳ್ಳಬೇಕು. ನೀವೇ ಆ ಮನೆಯಲ್ಲಿ ಬೆಳೆದವರು, ನಿಮಗೆ ಗೊತ್ತು. ಕೆಲವು ವರ್ಷಕ್ಕೊಂದು ವರ್ಗಾವಣೆ. ಶಾಲೆ ಬದಲು, ಗೆಳತಿಯರು ಬದಲು. ಇರುವ ಮನೆ ಸಭೆಯದ್ದು, ಯಾರು ಯಾವಾಗ ಬೇಕಾದರೂ ಬಾಗಿಲು ತಟ್ಟಬಹುದು. ಊಟದ ಹೊತ್ತಿಗೆ ಯಾರಿಗೋ ಹುಷಾರಿಲ್ಲ ಅಂತ ಸುದ್ದಿ ಬರುತ್ತದೆ, ಅಪ್ಪ ಅರ್ಧ ತಟ್ಟೆಯಲ್ಲಿ ಎದ್ದು ಹೋಗುತ್ತಾರೆ. ಭಾನುವಾರ ಕೈ ಕುಲುಕಿದವರೇ ಸೋಮವಾರ ಕಮಿಟಿಯಲ್ಲಿ ಅಪ್ಪನ ಮೇಲೆ ಕೂಗಾಡುವುದು ಒಳಕೋಣೆಯಲ್ಲಿ ಮಲಗಿದ ಮಗುವಿಗೆ ಕೇಳಿಸುತ್ತದೆ. ಸಭೆಯ ಬೇರೆ ಮಕ್ಕಳಿಗೆ ದೇವಾಲಯ ಅಂದರೆ ಭಾನುವಾರ ಮಾತ್ರ. ಈ ಮಕ್ಕಳಿಗೆ ಅದು ಅಡುಗೆ ಮನೆಯವರೆಗೂ ಬರುತ್ತದೆ. ಎಲ್ಲಕ್ಕಿಂತ ಆಳವಾಗಿ ನಾಟುವ ಗಾಯ ಒಂದಿದೆ. ಊರಿಗೆಲ್ಲ ಸಿಗುವ ಅಪ್ಪ ನಮಗೆ ಸಿಗಲಿಲ್ಲ ಅನ್ನುವುದು. ನನ್ನ ಮಗಳಿಗೆ ಒಂಬತ್ತು ವರ್ಷವಿದ್ದಾಗ ಟೈಫಾಯಿಡ್ ಆಯಿತು. ನಾನು ಗಡಿಯಲ್ಲಿದ್ದೆ. ಬೇರೆಯವರ ಮಕ್ಕಳ ಹಾಸಿಗೆ ಪಕ್ಕ ಕೂತು ಪ್ರಾರ್ಥನೆ ಮಾಡುತ್ತಿದ್ದೆ. ದೊಡ್ಡವಳಾದ ಮೇಲೆ ಒಂದು ದಿನ ಅವಳು ಅದನ್ನು ಹೇಳಿದಳು, ಜಗಳ ಮಾಡಲಿಲ್ಲ, ಸುಮ್ನೆ ಹೇಳಿದಳು. ಆ ಮಾತಿನ ಭಾರ ಈಗಲೂ ನನ್ನ ಮನಸ್ಸಿನಿಂದ ಇಳಿದಿಲ್ಲ.

ನಂಬಿಕೆ ಮಕ್ಕಳಿಗೆ ಹೇಗೆ ಹೋಗುತ್ತದೆ ಅಂತ ಅಮೆರಿಕದಲ್ಲಿ ವರ್ನ್ ಬೆಂಗ್ಟ್‌ಸನ್ ಅನ್ನುವ ಸಮಾಜಶಾಸ್ತ್ರಜ್ಞರು ದೊಡ್ಡ ಅಧ್ಯಯನ ಮಾಡಿದ್ದಾರೆ. 1970ರ ಸುಮಾರಿಗೆ ಶುರುಮಾಡಿ ಮೂರು ದಶಕಕ್ಕೂ ಜಾಸ್ತಿ ಕಾಲ, 350ಕ್ಕೂ ಹೆಚ್ಚು ಕುಟುಂಬಗಳನ್ನು ತಾತಂದಿರಿಂದ ಮರಿಮಕ್ಕಳವರೆಗೆ ಗಮನಿಸುತ್ತಾ ಬಂದರು. ಅವರಿಗೆ ಕಂಡದ್ದು ಏನು ಅಂದರೆ, ತಂದೆ ತಾಯಿ ಎಷ್ಟು ಭಕ್ತರು ಅನ್ನುವುದು ಒಂದೇ ಸಾಲದು. ಮಗುವಿಗೆ ಅವರ ಹತ್ತಿರ ಎಷ್ಟು ಬೆಚ್ಚಗೆ ಅನ್ನಿಸಿತ್ತು ಅನ್ನುವುದು ಬಹಳ ಮುಖ್ಯ, ಅದರಲ್ಲೂ ತಂದೆಯ ವಿಷಯದಲ್ಲಿ. ಅಜ್ಜ ಅಜ್ಜಿಯರ ಪಾಲೂ ದೊಡ್ಡದು. ಅತಿಯಾಗಿ ಒತ್ತಾಯ ಮಾಡಿದ ಮನೆಗಳಲ್ಲಿ ಮಕ್ಕಳು ತಿರುಗಿ ಬಿದ್ದದ್ದೂ ಅವರಿಗೆ ಕಾಣಿಸಿತು. ಅದು ಅಲ್ಲಿನ ಕುಟುಂಬಗಳ ವಿಷಯ, ನಿಜ. ಆದರೆ ಹಾಸನದ ನನ್ನ ಚಿಕ್ಕ ಕೋಣೆಯಲ್ಲಿ ಕೂತು ಮಾತಾಡಿದವರಿಂದ ನಾನು ಕಲಿತದ್ದೂ ಇದನ್ನೇ. ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲೂ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿತ್ತು, ಆಮೇಲೆ ತಾಯಿಯಲ್ಲಿ ಅಂತ ಇದೆ. ಅಲ್ಲಿ ಪೀಠದ ಮಾತಿಲ್ಲ, ಇರುವುದು ಮನೆಯ ಹೆಂಗಸರ ಮಾತು.

ಈಗ ನಿಮ್ಮ ಮಾವನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ಅದೇ.

ಸೈನ್ಯದ ಧರ್ಮಗುರು ಅಂದರೆ ಏನು ಅಂತ ಊರಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ನಮ್ಮ ಸೈನ್ಯದಲ್ಲಿ ಪಂಡಿತರು, ಮೌಲ್ವಿ, ಗ್ರಂಥಿ, ಪಾದ್ರಿ, ಬೌದ್ಧ ಗುರು ಎಲ್ಲರೂ ಇದ್ದಾರೆ. ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇರುತ್ತೇವೆ. ಪುಣೆಯಲ್ಲಿ ಸೈನ್ಯದ ರಾಷ್ಟ್ರೀಯ ಭಾವೈಕ್ಯತೆಯ ಸಂಸ್ಥೆ ಇದೆ, ಅಲ್ಲಿ ಎಲ್ಲ ಧರ್ಮದ ಗುರುಗಳು ಒಟ್ಟಿಗೆ ತರಬೇತಿ ಪಡೆಯುತ್ತಾರೆ. ಬಹಳ ಯೂನಿಟ್ಟುಗಳಲ್ಲಿ ಸರ್ವ ಧರ್ಮ ಸ್ಥಳ ಅಂತ ಇರುತ್ತದೆ, ಒಂದೇ ಸೂರಿನ ಕೆಳಗೆ ಎಲ್ಲ ಪ್ರಾರ್ಥನೆ. ಹೊಸ ಜವಾನರು ಕಸಮ್ ಪರೇಡಿನಲ್ಲಿ ಪ್ರಮಾಣ ಮಾಡುವಾಗ ನಾವು ಧರ್ಮಗ್ರಂಥ ಹಿಡಿದು ನಿಲ್ಲುತ್ತೇವೆ. ಉಳಿದ ದಿನಗಳಲ್ಲಿ ಆಸ್ಪತ್ರೆ, ರಜೆ ಸಿಗದವನ ಸಂಕಟ, ಸತ್ತವನ ಮನೆಗೆ ಮುಟ್ಟಿಸುವ ಸುದ್ದಿ. ಮತ ಬದಲಿಸುವುದು ನಮ್ಮ ಕೆಲಸ ಅಲ್ಲವೇ ಅಲ್ಲ. ಹೋದ ವರ್ಷವೂ ಒಬ್ಬರು ನನ್ನನ್ನು ಅದನ್ನೇ ಕೇಳಿದರು, ಅದಕ್ಕೇ ಹೇಳುತ್ತಿದ್ದೇನೆ.

ಯುದ್ಧದಲ್ಲಿ ಗುಂಡು ಹಾರಿದರೆ ಎಲ್ಲರೂ ದೇವರನ್ನು ನಂಬುತ್ತಾರೆ ಅನ್ನುವುದೂ ಸುಳ್ಳು. ಕೆಲವರು ಹೊಸ ನಂಬಿಕೆ ಹಿಡಿದು ಬರುತ್ತಾರೆ. ಕೆಲವರು ಇದ್ದ ನಂಬಿಕೆಯನ್ನೂ ಅಲ್ಲೇ ಬಿಟ್ಟು ಬರುತ್ತಾರೆ. ಎರಡೂ ಥರದವರನ್ನು ನಾನು ನೋಡಿದ್ದೇನೆ. ಅವರಲ್ಲಿ ಯಾರೂ ಹೇಡಿಗಳಲ್ಲ.

ಎರಡನೇ ಮಹಾಯುದ್ಧದ ಒಂದು ಘಟನೆ ಇದೆ. 1943ರ ಫೆಬ್ರುವರಿ 3ರಂದು ಗ್ರೀನ್‌ಲ್ಯಾಂಡ್ ಹತ್ತಿರ ಡಾರ್ಚೆಸ್ಟರ್ ಅನ್ನುವ ಅಮೆರಿಕದ ಹಡಗಿಗೆ ಟಾರ್ಪಿಡೊ ಬಡಿಯಿತು. ಹಡಗಿನಲ್ಲಿ 900ಕ್ಕೂ ಹೆಚ್ಚು ಜನ ಇದ್ದರು, ಬದುಕಿ ಉಳಿದವರು ಸುಮಾರು 230. ಆ ಹಡಗಿನಲ್ಲಿ ನಾಲ್ವರು ಸೈನಿಕ ಗುರುಗಳಿದ್ದರು. ಇಬ್ಬರು ಪ್ರೊಟೆಸ್ಟೆಂಟರು, ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಯೆಹೂದಿ ರಬ್ಬಿ. ತಮ್ಮ ಲೈಫ್ ಜಾಕೆಟ್ಟುಗಳನ್ನು ಬಿಚ್ಚಿ ಎದುರಿಗೆ ಸಿಕ್ಕಿದವರಿಗೆ ಕೊಟ್ಟು, ಹಡಗಿನ ಜೊತೆಯೇ ಮುಳುಗಿದರು. ಉಳಿದು ಬಂದವರು ಊರಲ್ಲಿ ಹೇಳಿದ್ದು ಆ ಜಾಕೆಟ್ಟಿನ ಕಥೆ. ಅವರ ಪ್ರಸಂಗಗಳು ಯಾರಿಗೆ ನೆನಪಿರುತ್ತವೆ? ನಿಮ್ಮ ಮಾವನೂ ಹಾಗೇ ಅಲ್ವಾ? ಪಾದ್ರಿ ದಿನಾ ಬಂದು ಪಕ್ಕದಲ್ಲಿ ಕೂರುತ್ತಿದ್ದರು ಅಂತ ಬರೆದಿದ್ದೀರಿ. ಅವರು ಏನು ಹೇಳಿದರು ಅಂತ ಒಂದು ಸಾಲೂ ಇಲ್ಲ. ಮಾವನಿಗೆ ಉಳಿದದ್ದು ಕೂತದ್ದು.

ಈಗ ನನ್ನ ಅನುಭವದಿಂದ ಒಂದು ಊಹೆ ಹೇಳುತ್ತೇನೆ, ಸರಿಯೋ ತಪ್ಪೋ ಮಾವನನ್ನೇ ಕೇಳಿ ನೋಡಿ. ಯುದ್ಧ ನೋಡಿ ಬಂದವರಿಗೆ ಕತ್ತಲಾಗುವ ಹೊತ್ತು ಬಹಳ ಕಷ್ಟ. ಹಗಲು ಕೆಲಸದಲ್ಲಿ ಕಳೆಯುತ್ತದೆ, ಸಂಜೆ ಹಳೆಯದೆಲ್ಲ ಬರುತ್ತದೆ. ಅದನ್ನು ತಡೆಯಲು ಪ್ರತಿಯೊಬ್ಬರೂ ಒಂದೊಂದು ಗೋಡೆ ಕಟ್ಟಿಕೊಳ್ಳುತ್ತಾರೆ. ಕೆಲವರಿಗೆ ಅದು ಬಾಟಲಿ. ನಿಮ್ಮ ಮಾವನಿಗೆ ಅದು 7 ಗಂಟೆಯ ಪ್ರಾರ್ಥನೆ ಆಗಿರಬಹುದು. ಮನೆಯವರೆಲ್ಲ ಒಂದು ದೀಪದ ಕೆಳಗೆ, ಎಲ್ಲರೂ ಜೀವಂತವಾಗಿ, ಎಣಿಸಿದರೆ ಒಬ್ಬರೂ ಕಮ್ಮಿ ಇಲ್ಲ. ಅದಕ್ಕೇ ಐದು ನಿಮಿಷ ತಡವಾದರೂ ಅವರಿಗೆ ತಡೆಯಲಾಗುತ್ತಿರಲಿಲ್ಲ. ಆದರೆ ಇದನ್ನು ಅವರು ಯಾರಿಗೂ ಹೇಳಿಲ್ಲ. ಹೇಳುವ ರೂಢಿಯೂ ಆ ತಲೆಮಾರಿನವರಿಗೆ ಇರಲಿಲ್ಲ. ಹಾಗಾಗಿ ಅವರಿಗೆ ಔಷಧಿಯಾಗಿದ್ದು ನಿಮ್ಮ ಮಗನಿಗೆ ಹಾಜರಿ ಪುಸ್ತಕವಾಯಿತು. ತಾತನಿಗೆ ಜೀವ ಉಳಿಸಿದ ಪ್ರಾರ್ಥನೆ ಮೊಮ್ಮಗನಿಗೆ ಬೈಗುಳದ ಹೊತ್ತಾಗಿ ನೆನಪಿದೆ.

ನಿಮ್ಮ ಮನೆಯಲ್ಲಿ ಆಗಿರುವುದು ಇದೇ ಅಂತ ನನಗೆ ಅನ್ನಿಸುತ್ತದೆ. ಎರಡೂ ಕಡೆಯಿಂದ. ಪದ್ಧತಿ ಕೆಳಗೆ ಇಳಿಯಿತು, ಅದರ ಹಿಂದಿನ ಕಾರಣ ಮೇಲೆಯೇ ಉಳಿಯಿತು. ಸಭಾಪಾಲಕ ತಾತ ಅಂದರೆ ಗೋಡೆಯ ಮೇಲಿನ ಫೋಟೋ, ಒಂದು ಅನುಮಾನವೂ ಇಲ್ಲದ ಮನುಷ್ಯ. ಸೈನಿಕ ತಾತ ಅಂದರೆ ಗಡಿಯಾರ. 24 ವರ್ಷದ ಹುಡುಗನಿಗೆ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟಿದಾಗ, ಈ ಇಬ್ಬರ ಸಾಲಿನಲ್ಲಿ ನನಗೆ ಜಾಗ ಇಲ್ಲ ಅನ್ನಿಸಿರುತ್ತದೆ. ಅವನು ಸುಳ್ಳು ಹೇಳಿ, ಹೊಟ್ಟೆನೋವು ಅಂತ ಮಲಗಬಹುದಿತ್ತು. ಹಾಗೆ ಮಾಡಲಿಲ್ಲ. ನಿಜ ಹೇಳಿದ. ನಿಜ ಹೇಳುವುದನ್ನು ಅವನು ನಿಮ್ಮ ಮನೆಯಲ್ಲೇ ಕಲಿತದ್ದು. ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ, ಅದಕ್ಕೆ ಇಷ್ಟನ್ನು ನೆನಪಿಟ್ಟುಕೊಳ್ಳಿ.

ಈಗ ಏನು ಮಾಡಬಹುದು.

ಒತ್ತಾಯ ಮಾಡಿ ಕರೆದುಕೊಂಡು ಹೋಗಬಹುದು. ಅಮ್ಮ ಅತ್ತರೆ ಮಗ ಬಂದಾನು, ಹಿಂದಿನ ಬೆಂಚಿನಲ್ಲಿ ಕೂತಾನು. ನಾನು ನೋಡಿದ ಮಟ್ಟಿಗೆ ಇದರ ನಷ್ಟ ಆಮೇಲೆ ಗೊತ್ತಾಗುತ್ತದೆ. ಮುಂದಿನ ವರ್ಷ ರಜೆ ಸಿಗಲಿಲ್ಲ ಅನ್ನುತ್ತಾನೆ, ಅದರ ಮುಂದಿನ ವರ್ಷ ಫೋನು ಕಮ್ಮಿಯಾಗುತ್ತದೆ. ಆರಾಧನೆ ಜೊತೆ ಮನೆಯೂ ತಪ್ಪುತ್ತದೆ.

ಅಯ್ಯನವರನ್ನು ಕಳಿಸುವುದು ಎರಡನೆಯದು. ಇಲ್ಲಿ ಒಂದು ನಿಜವಾದ ಕಥೆ ಹೇಳಬೇಕು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಗೊತ್ತಲ್ಲ, ತಲಶ್ಶೇರಿಯಲ್ಲಿದ್ದ ಬಾಸೆಲ್ ಮಿಷನ್ ಪಾದ್ರಿ. ಅವರ ಮಗಳು ಹುಟ್ಟಿದ್ದು ತಲಶ್ಶೇರಿಯಲ್ಲೇ. ಅವರ ಅಳಿಯ ಯೋಹಾನ್ನೆಸ್ ಹೆಸ್ಸೆ ನಮ್ಮ ಮಂಗಳೂರಿನಲ್ಲಿ ಮಿಷನ್ ಸೇವೆಯಲ್ಲಿದ್ದವರು. ಇವರ ಮಗನೇ ಹರ್ಮನ್ ಹೆಸ್ಸೆ, 1946ರಲ್ಲಿ ನೊಬೆಲ್ ಬಂದ ಲೇಖಕ. ಈ ಹುಡುಗನೂ ಪಾದ್ರಿಯಾಗಲಿ ಅಂತ ಸೆಮಿನರಿ ಶಾಲೆಗೆ ಸೇರಿಸಿದರು. 1892ರಲ್ಲಿ ಅಲ್ಲಿಂದ ಓಡಿಹೋದ. ಸರಿಮಾಡಲಿ ಅಂತ ಹೆತ್ತವರು ಅವನನ್ನು ಒಬ್ಬ ಹೆಸರಾಂತ ಪಾದ್ರಿಯ ಹತ್ತಿರ ಬಿಟ್ಟರು. ಅಲ್ಲಿದ್ದಾಗ ಹದಿನೈದು ತುಂಬುವ ಮೊದಲೇ ಆ ಮಗು ಪ್ರಾಣ ಕಳೆದುಕೊಳ್ಳಲು ನೋಡಿತು. ಆ ಪಾದ್ರಿ ಕೆಟ್ಟವರಲ್ಲ, ಹೆತ್ತವರೂ ಕೆಟ್ಟವರಲ್ಲ. ಹುಡುಗನಿಗೆ ಬೇಕಾಗಿದ್ದು ಬುದ್ಧಿಮಾತಲ್ಲ, ಅಷ್ಟೇ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹೆಸ್ಸೆ ಮತ್ತೆ ಹೆತ್ತವರ ದಾರಿಗೆ ಬರಲಿಲ್ಲ. ಹಾಗಿದ್ದೂ ಐವತ್ತು ದಾಟಿದ ಮೇಲೆ ಬರೆದರು: ನನ್ನನ್ನು ರೂಪಿಸಿದ ಶಕ್ತಿಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ತಂದೆ ತಾಯಿ ಬಾಯಲ್ಲಿ ಹೇಳದೆ ಬದುಕಿ ತೋರಿಸಿದ ಕ್ರೈಸ್ತ ಧರ್ಮ, ಅನ್ನುವ ಅರ್ಥದಲ್ಲಿ. ಗುಂಡರ್ಟ್ ತಾತನ ಪ್ರಭಾವ ಮುಗಿದು ಹೋಗಿರಲಿಲ್ಲ, ಯಾರೂ ಅಂದುಕೊಳ್ಳದ ಕಡೆ ಹರಿದಿತ್ತು.

ಹಾಗಾಗಿ ಅಯ್ಯನವರು ಈಗ ಬೇಡ. ಮಗನೇ ಕೇಳಿದರೆ ಬೇರೆ ಮಾತು. ಅವರು ಸುಮ್ನೆ ಕಾಫಿಗೆ ಬಂದು ಮಗನ ಕೆಲಸದ ಬಗ್ಗೆ ಮಾತಾಡಿ ಹೋಗುವುದಾದರೆ ಬರಲಿ. ಬುದ್ಧಿ ಹೇಳಲು ಬಂದಿದ್ದಾರೆ ಅಂತ ಹುಡುಗರಿಗೆ ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ.

ಏನೂ ಮಾತಾಡದೆ ಇದ್ದುಬಿಡುವುದೂ ಒಂದು ದಾರಿ, ಬಹಳ ಮನೆಗಳು ಇದನ್ನೇ ಹಿಡಿಯುತ್ತವೆ. ಜಗಳ ಇರುವುದಿಲ್ಲ. ಆದರೆ ಮಾವನಿಗೆ 77. ಮಾತು ಬಿಟ್ಟ ಸ್ಥಿತಿಯಲ್ಲೇ ಅವರು ಹೋಗಿಬಿಟ್ಟರೆ ಆ ಭಾರ ನಿಮ್ಮ ಮಗ ಜೀವನಪೂರ್ತಿ ಹೊರುತ್ತಾನೆ. ಅಂಥವರು ನನ್ನ ಹತ್ತಿರ ಐವತ್ತನೇ ವಯಸ್ಸಿನಲ್ಲಿ ಬಂದು ಅತ್ತಿದ್ದಾರೆ.

ಅದಕ್ಕೇ ನಾನಾದರೆ ಮಾವನಿಂದ ಶುರುಮಾಡುತ್ತೇನೆ. ಒಂದು ಮಧ್ಯಾಹ್ನ, ಅವರೊಬ್ಬರೇ ಇರುವಾಗ, ಆ ಪಾದ್ರಿಯ ಬಗ್ಗೆ ಕೇಳಿ. ಯುದ್ಧದ ಬಗ್ಗೆ ಕೇಳಬೇಡಿ. ಪಾದ್ರಿ ಯಾವ ಊರಿನವರು, ಎಷ್ಟು ಹೊತ್ತು ಕೂರುತ್ತಿದ್ದರು, ಅವರ ಜೊತೆ ಟೀ ಕುಡಿಯುತ್ತಿದ್ದಿರಾ ಅಂತ ಕೇಳಿ. ಚಿಕ್ಕ ಪ್ರಶ್ನೆಗೆ ದೊಡ್ಡ ಉತ್ತರ ಬರುತ್ತದೆ. ಬರದಿದ್ದರೂ ಒತ್ತಬೇಡಿ, ಹಳೆಯ ಗಾಯ ಕೆದಕಿದರೆ ರಾತ್ರಿ ನಿದ್ದೆ ಇನ್ನೂ ಕೆಡುವ ಅಪಾಯ ಇದೆ. ಕಿರುಚಿಕೊಂಡು ಏಳುವುದು ಐವತ್ತು ವರ್ಷದ ನಂತರವೂ ಇದೆ ಅಂದರೆ ಅದಕ್ಕೆ ಚಿಕಿತ್ಸೆ ಇದೆ, ಈ ವಯಸ್ಸಿನಲ್ಲೂ ಇದೆ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಅಲ್ಲಿಂದ ಬರೆಸಿಕೊಳ್ಳಿ, ಇಲ್ಲದಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್‌ನ ಮನೋವೈದ್ಯರಿಗೆ ತೋರಿಸಿ. ಪ್ರಾರ್ಥನೆ ಇದೆಯಲ್ಲ, ಡಾಕ್ಟರ್ ಯಾಕೆ ಅಂತ ಅವರು ಕೇಳಬಹುದು. ಆಗ ನನ್ನ ಹೆಸರು ಹೇಳಿ. ಪಾದ್ರಿ ಸಾಬ್ ಹೇಳಿದ್ದಾರೆ ಅಂದರೆ ಹಳೇ ಸೈನಿಕರು ಒಪ್ಪುತ್ತಾರೆ.

ಅವರು ಹೇಳಿದ್ದನ್ನು ಮಗನಿಗೆ ನೀವು ಹೇಳಬೇಡಿ. ಅವರೇ ಹೇಳುವ ಹಾಗೆ ಆಗಲಿ. ಮಗ ಬಂದಾಗ ಡಾಕ್ಟರ ಹತ್ತಿರ ತಾತನನ್ನು ಅವನೇ ಕರೆದುಕೊಂಡು ಹೋಗಲಿ. ಆಸ್ಪತ್ರೆಯ ಬೆಂಚಿನ ಮೇಲೆ ಕಾಯುವಾಗ ಗಂಡಸರು ಮಾತಾಡಿಕೊಳ್ಳುತ್ತಾರೆ, ಮನೆಯ ಹಾಲಿನಲ್ಲಿ ಎದುರುಬದುರು ಕೂರಿಸಿದರೆ ಮಾತಾಡುವುದಿಲ್ಲ.

ಡೈರಿಗೆ ಬರುತ್ತೇನೆ. ನಿಮ್ಮ ತಂದೆಯ ಆ ಸಾಲು ನಂಬಿಕೆ ಕಳೆದುಕೊಂಡವರ ಸಾಲು ಅಂತ ನೀವು ಹೆದರಿದ್ದೀರಿ. ನಾನು ಹಾಗೆ ಓದುವುದಿಲ್ಲ. ಚಿಕ್ಕ ಪೆಟ್ಟಿಗೆಯ ಎದುರು ನಿಂತು ನಾನೂ ಮಾತು ಹೇಳಿದ್ದೇನೆ. ಆ ರಾತ್ರಿ ಏನೂ ಆಗದವರ ಹಾಗೆ ಮಲಗಿ ನಿದ್ದೆ ಮಾಡುವ ಅಯ್ಯನವರಿಗಿಂತ, ಎದ್ದು ಕೂತು ಈ ಸಾಲು ಬರೆಯುವ ಅಯ್ಯನವರು ನನಗೆ ಹತ್ತಿರದವರು. ಅದನ್ನು ಬರೆದ ಮೇಲೂ ಅವರು ಭಾನುವಾರ ಸಭೆಗೆ ಹೋದರು, ಇನ್ನೂ ಎಷ್ಟೋ ವರ್ಷ ಸೇವೆ ಮಾಡಿದರು. ಮುಂದಿನ ಪುಟಗಳನ್ನು ಓದಿ. ಆ ಮಗುವಿನ ತಾಯಿಯನ್ನು ನೋಡಲು ಮತ್ತೆ ಲೈನಿಗೆ ಹೋಗಿದ್ದರಾ ಅಂತ ಹುಡುಕಿ.

ಮಗನಿಗೆ ತೋರಿಸಿ. ಆದರೆ ಒಂದು ಪುಟ ಹರಿದು ಕೊಟ್ಟ ಹಾಗೆ ಬೇಡ, ಇಡೀ ಡೈರಿಗಳನ್ನು ಕೊಡಿ. ಒಂದೇ ಸಾಲು ತೋರಿಸಿದರೆ 'ನೋಡು, ತಾತನಿಗೂ ನಂಬಿಕೆ ಇರಲಿಲ್ಲ' ಅಂತ ಅವನು ಗೆದ್ದ ಹಾಗೆ ಆಗಬಹುದು, ಅಥವಾ ಅನುಮಾನ ಇದ್ದರೂ ತಾತ ಬಿಡಲಿಲ್ಲ ಅಂತ ನೀವು ಗೆಲ್ಲಲು ನೋಡಬಹುದು. ಎರಡೂ ಬೇಡ. ಓದಿ ಅವನು ಏನೂ ಹೇಳದೆ ಇರಬಹುದು, ಆರಾಧನೆಗೆ ಬರದೆಯೂ ಇರಬಹುದು. ಅದಕ್ಕೆ ನೀವು ಮೊದಲೇ ಸಿದ್ಧವಾಗಿರಬೇಕು, ಇಲ್ಲದಿದ್ದರೆ ಡೈರಿಯೂ ಇನ್ನೊಂದು ಒತ್ತಾಯ ಆಗುತ್ತದೆ. ಸಭೆಯ ಬೇರೆ ಮನೆಗಳ ಗುಟ್ಟುಗಳು ಆ ಪುಟಗಳಲ್ಲಿ ಇರುತ್ತವೆ, ಸಭಾಪಾಲಕರ ಡೈರಿ ಅಲ್ವಾ. ಅಂಥವು ಇದ್ದರೆ ಆ ಪುಟಗಳನ್ನು ಮಾತ್ರ ತೆಗೆದಿಡಿ. ಜನ ಅವರನ್ನು ನಂಬಿ ಹೇಳಿದ ಮಾತು ಅದು, ಮೊಮ್ಮಗನಿಗೂ ಸೇರಿದ್ದಲ್ಲ.

ಮಗನ ವಿಷಯದಲ್ಲಿ ಒಂದನ್ನು ಮಾತ್ರ ಗಮನಿಸಿ. ಆರಾಧನೆ ಬಿಟ್ಟದ್ದು ಕಾಯಿಲೆಯಲ್ಲ. ಆದರೆ ಅದರ ಜೊತೆ ಊಟ, ನಿದ್ದೆ, ಗೆಳೆಯರು, ಇಷ್ಟದ ಕೆಲಸ ಎಲ್ಲವನ್ನೂ ಬಿಡುತ್ತಿದ್ದಾನೆ ಅನ್ನಿಸಿದರೆ ಅದು ನಂಬಿಕೆಯ ಪ್ರಶ್ನೆ ಅಲ್ಲ, ಮನಸ್ಸಿನ ಆರೋಗ್ಯದ್ದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕ್ರಿಸ್‌ಮಸ್‌ಗೆ ಅವನು ಬಂದರೆ 7 ಗಂಟೆಗೆ ದೀಪ ಹಚ್ಚಿ, ಎಂದಿನ ಹಾಗೆ ಕೂತುಕೊಳ್ಳಿ. ಅವನನ್ನು ಕರೆಯಬೇಡಿ, ಬಾಗಿಲನ್ನೂ ಮುಚ್ಚಬೇಡಿ. ಅವನು ಆಚೆ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿದ್ದರೂ ಊಟಕ್ಕೆ ಅವನ ತಟ್ಟೆ ತಾತನ ಪಕ್ಕದಲ್ಲೇ ಇರಲಿ.

ಇನ್ನು ಆ ಡೈರಿಗಳು. ನಮ್ಮ ಮಲೆನಾಡಿನ ಥಂಡಿಗೆ ಹಳೇ ಕಾಗದ ಬೂಷ್ಟು ಹಿಡಿಯುತ್ತದೆ. ಬಿಸಿಲಿರುವ ದಿನ ಆಚೆ ತೆಗೆದು ನೆರಳಲ್ಲಿ ಗಾಳಿಗೆ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಹಾಗೆ ಬೀರುವಿನ ಮೇಲಿನ ಹಲಗೆಯಲ್ಲಿಡಿ. 1979ರ ಆ ಪುಟವನ್ನು ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ, ಶಾಯಿ ಇನ್ನೂ ಓದಲು ಬರುವ ಹಾಗೆ ಇರುವಾಗಲೇ.